ಸಿರಪ್ ಕೊಡುವ ಮುನ್ನ ಪ್ರಶ್ನೆಯಕ್ಕ ಕೇಳುವುದು

“ಒಂದು ಕೆಮ್ಮಿನ ಸಿರಪ್ ಕೇಳಿದ್ರೆ ಜಾತಕವನ್ನೇ ಕೇಳ್ತೀರಲ್ಲ ಅಕ್ಕಾ.”

ಬೆಳಗಿನ ಆರು ಗಂಟೆ. ಆಸ್ಪತ್ರೆ ಗೇಟಿನೆದುರಿನ ಔಷಧಿ ಅಂಗಡಿಯ ಶಟರ್ ಇನ್ನೂ ಅರ್ಧಕ್ಕೇ ನಿಂತಿದೆ. ಗಿರಾಕಿಯೊಬ್ಬ ಬಗ್ಗಿ ಒಳಗೆ ಬಂದು, ತನ್ನಣ್ಣ ಕುಡಿದು ಗುಣವಾದ ಸಿರಪ್ಪಿನ ಖಾಲಿ ಬಾಟಲಿ ತೋರಿಸುತ್ತಿದ್ದಾನೆ. ಹೆಂಡತಿಗೆ ಅಂಥದ್ದೇ ಬೇಕಂತೆ. ಕೌಂಟರಿನ ಹಿಂದಿನ ಅಕ್ಕ ಹೊಸ ಬಾಟಲಿ ಎತ್ತಿಕೊಂಡರೂ ಮುಷ್ಟಿ ಸಡಿಲಿಸುವುದಿಲ್ಲ.

“ಅವರ ಎದೆಹಾಲು ಕುಡಿಯೋರು ಯಾರಾದ್ರೂ ಇದ್ದಾರಾ?”

ಇದ್ದಾಳೆ. ಎರಡು ತಿಂಗಳ ಮಗಳು.

ಹತ್ತೊಂಬತ್ತು ವರ್ಷಗಳಿಂದ ಇಲ್ಲೇ ನಿಂತಿರುವ ಈಕೆಗೆ ಬೀದಿಯವರು ಇಟ್ಟ ಹೆಸರು ‘ಪ್ರಶ್ನೆಯಕ್ಕ’. ದಿನಕ್ಕೆ ನೂರೈವತ್ತು ಡಾಕ್ಟರ ಚೀಟಿ. ಚೀಟಿಯೇ ಇಲ್ಲದವರು ಇನ್ನೊಂದೈವತ್ತು. “ಬಾಟಲಿಗೊಂದು ಪುರಾಣ ಓದಿದ್ರೆ ಗಿರಾಕಿ ಪಕ್ಕದಂಗಡಿಗೆ ಹೋಗ್ತಾನೆ” ಎಂದು ಮಾಲೀಕರು ಗೊಣಗುತ್ತಾರೆ. ಈಕೆ ಕೇಳುವುದನ್ನು ಬಿಟ್ಟಿಲ್ಲ.

ಹೆರಿಗೆ ವಾರ್ಡಿನಿಂದ ಮನೆಗೆ ಕಳಿಸುವಾಗ ಲಸಿಕೆಯ ದಿನ, ಹೊಲಿಗೆ ಬಿಚ್ಚುವ ದಿನ ಎಲ್ಲ ಬರೆದುಕೊಡುತ್ತಾರೆ. ಕೆಮ್ಮು, ನೆಗಡಿ, ಅಲರ್ಜಿ ಔಷಧಿಗಳ ಮಾತೇ ಇಲ್ಲ. ಬಾಟಲಿಯ ಮೇಲಿನ ಎಚ್ಚರಿಕೆ ಇರುವೆ ಕಾಲಿನಷ್ಟು. ಓದಬೇಕಾದವಳು ಅಂಗಡಿಗೇ ಬರುವುದಿಲ್ಲ, ಬರುವ ಗಂಡಸು ಓದುವುದಿಲ್ಲ. ಹೇಳುವ ಹೊಣೆ ಯಾರದೂ ಅಲ್ಲವಂತೆ. ಎಡವಟ್ಟಾದರೆ ಮಾತ್ರ ತಾಯಿಯದು. ಇದ್ಯಾವ ನ್ಯಾಯ?

“ನನ್ನ ಬಾಣಂತನದಲ್ಲಿ ಕಟ್ಟಿದ ಮೂಗು ಬಿಡಿಸೋ ಮಾತ್ರೆ ನುಂಗಿದೆ. ಅದಕ್ಕೇ ಹಾಲು ಬತ್ತುತ್ತಾ ಬಂತು. ನಿನ್ನ ಮೈಯಲ್ಲೇ ಸತ್ವ ಇಲ್ಲ ಅಂದ್ರು ಮನೆಯವರೆಲ್ಲ. ನಾನೂ ನಂಬಿದೆ ನೋಡಿ, ಔಷಧಿ ಬಗ್ಗೆನೇ ಓದಿದೋಳು. ಬಾಟಲಿ ಮೇಲೆ ದಪ್ಪಕ್ಷರದಲ್ಲಿ ಒಂದು ಸಾಲು ಹಾಕ್ಲಿ, ನಾಳೆಯಿಂದ ಬಾಯಿ ಮುಚ್ಕೋತೀನಿ.”

ಅಕ್ಕ ಗಿರಾಕಿಯ ಕೈಯಲ್ಲೇ ಅವನ ಮನೆಗೆ ಫೋನ್ ಮಾಡಿಸುತ್ತಾರೆ. ಸ್ಪೀಕರಿನಲ್ಲಿ ಮೊದಲು ಕೆಮ್ಮು, ಎರಡು ಸೀನು, ಹಿಂದೆಯೇ ಮಗುವಿನ ಚೀರಾಟ.

“ಔಷಧಿ ಶುರುಮಾಡ್ತೀಯಲ್ಲ, ಈಗಿಂದ್ಲೇ ಹಾಲು ನಿಲ್ಲಿಸು ಅಂದ್ರು ಅತ್ತೆ. ನಾಲ್ಕು ಗಂಟೆಯಿಂದ ಕೊಟ್ಟಿಲ್ಲ,” ಎನ್ನುತ್ತದೆ ತಾಯಿಯ ದನಿ.

“ಕೊಡಮ್ಮ, ಈಗ್ಲೇ ಕೊಡು. ನಿಲ್ಲಿಸಬೇಕಾದ್ದು ಹಾಲಲ್ಲ, ಈ ಸಿರಪ್ಪು. ಇದು ನಿದ್ದೆ ಬರಿಸುತ್ತೆ, ನೀನು ಕುಡಿದ್ರೆ ಮಗೂಗೂ ಮಂಪರು ಬರಬಹುದು. ಅಷ್ಟು ನಿದ್ದೆ ಬರಿಸದ ಮಾತ್ರೆನೂ ಇದೆ. ಎಂಟಕ್ಕೆ ಡಾಕ್ಟರ್ ಬರ್ತಾರೆ, ಹಾಲೂಡಿಸ್ತಿದ್ದೀನಿ ಅಂತ ಮೊದಲೇ ಹೇಳಿ ಬರೆಸ್ಕೋ. ಆ ಮಾತ್ರೆ ತಗೊಂಡ ಮೇಲೂ ಮಗು ಹಾಲಿಗೆ ಏಳದೆ ಮಲಗೇ ಇದ್ರೆ ತಕ್ಷಣ ಕರ್ಕೊಂಡು ಬಾ.”

“ಅತ್ತೆ ಬೈತಾರೆ ಅಕ್ಕಾ.”

“ನನ್ನ ಹೆಸರು ಹೇಳು. ನಂಗೆ ಬೈಸ್ಕೊಂಡು ಅಭ್ಯಾಸ ಇದೆ.”

ಗಿರಾಕಿ ಫೋನ್ ಇಡುವುದನ್ನೇ ಮರೆತಿದ್ದಾನೆ. ಆ ಕಡೆ ಬಟ್ಟೆ ಸರಿದ ಸದ್ದು. ಸ್ವಲ್ಪ ಹೊತ್ತಿಗೆ ಅಳು ನಿಲ್ಲುತ್ತದೆ.