ಹೆಪ್ಪಿಗೆ ಇಲ್ಲ ಅನ್ನಬಾರದು

ಹಣೆಯ ವಿಭೂತಿ ಎಷ್ಟು ಬೆಳ್ಳಗಿತ್ತೋ ಬೆರಳ ತುದಿಗಳು ಅಷ್ಟೇ ಕಪ್ಪಗಿದ್ದವು. ಜೆರಾಕ್ಸ್ ಯಂತ್ರದ ಮಸಿ ಉಗುರಿನ ಸಂದಿಗೆ ಇಳಿದು, ಯಾವ ಸೋಪಿಗೂ ಜಗ್ಗದೆ ಅಲ್ಲೇ ಕೂತಿತ್ತು. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹಿಂದೆ ಅವರ ಅಂಗಡಿ. ನಮ್ಮ ಹಾಸ್ಟೆಲಿನ ಹುಡುಗಿಯರಿಗೆಲ್ಲ ಅವರು ಜೆರಾಕ್ಸ್ ಮಾವ. ನನಗೆ ಮಾವನೂ ಹೌದು, ತಲೆನೋವೂ ಹೌದು.

ನಾನು ಲಾ ಓದುವಾಗ ಗೆಳತಿಯೊಬ್ಬಳನ್ನು ಕಾಡಿ ಬೇಡಿ ದಪ್ಪ ಪುಸ್ತಕವೊಂದನ್ನು ತಂದು, ಪೂರ್ತಿ ಜೆರಾಕ್ಸ್ ಮಾಡಿಕೊಡಿ ಎಂದೆ. ಯಾವ ಪಾಠ ಬೇಕು ಎಂದು ಕೇಳಿದರು. ಎಲ್ಲ ಬೇಕು ಎಂದೆ. ಪುಸ್ತಕವನ್ನು ಮೆಲ್ಲಗೆ ನನ್ನ ಕಡೆಗೇ ತಳ್ಳಿದರು.

“ಹೆಪ್ಪಿಗೆ ಮೊಸ್ರು ಕೇಳು, ಇಲ್ಲ ಅನ್ನಲ್ಲ. ಗಡ್ಗೆನೇ ಕೇಳ್ಬೇಡ ಕಣಮ್ಮಿ.”

ಹಾಲಿಗೆ ಹೆಪ್ಪು ಹಾಕಲು ಚಮಚ ಮೊಸರು ಕೇಳಿಕೊಂಡು ಬಟ್ಟಲು ಹಿಡಿದು ಬಂದವರನ್ನು ನಮ್ಮ ಕಡೆ ಯಾರೂ ಬರಿಗೈಲಿ ಕಳಿಸುವುದಿಲ್ಲ, ಜಗಳವಾಡಿ ಮಾತು ಬಿಟ್ಟವರನ್ನೂ. ಮಾವನ ಕಾಪಿರೈಟ್ ಕಾನೂನು ಅಷ್ಟೇ. ಓದುವ ಮಕ್ಕಳಿಗೆ ಒಂದೆರಡು ಪಾಠ ಕೊಡಬೇಕು, ಬರೆದವನ ಗಡಿಗೆ ಬರಿದು ಮಾಡಬಾರದು. ಎದುರಿನ ಅಂಗಡಿಯವನು ಪುಸ್ತಕಕ್ಕೆ ಪುಸ್ತಕವನ್ನೇ ಇಳಿಸಿ ಬೈಂಡು ಹಾಕಿ ಕೊಡುತ್ತಿದ್ದ, ಅವನಿಗೆ ಗಿರಾಕಿಗಳ ಸಾಲು. ಮಾವ ನೊಣ ಹೊಡೆಯುತ್ತ ಕೂತರೂ ಹಟ ಬಿಡಲಿಲ್ಲ.

ಆಮೇಲೆ ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣನ್ನು ತಿಂದಿತು. ಅಂಗಡಿ ಮುಚ್ಚಿತು. ನಾನು ಅಷ್ಟರಲ್ಲಿ ಚಾಮರಾಜನಗರದ ಕೋರ್ಟಿನಲ್ಲಿ ವಕೀಲಳಾಗಿದ್ದೆ. ಭಾನುವಾರ ಬಸ್ಸು ಹಿಡಿದು ಹೋಗಿ ನೋಡಿಕೊಂಡು ಬರುತ್ತಿದ್ದೆ. ಮಾವನಿಗೆ ಒಂದೇ ಆಸೆ ಉಳಿದಿತ್ತು. ನಮ್ಮ ಸೀಮೆಯ ನೀಲಗಾರರು ತಂಬೂರಿ ಹಿಡಿದು ಮನೆಮನೆ ಮುಂದೆ ಹಾಡುತ್ತಿದ್ದ ಹಾಡುಗಳನ್ನು ಯಾರೋ ಪುಣ್ಯಾತ್ಮರು ಕೂಡಿಸಿ ದೊಡ್ಡ ಪುಸ್ತಕ ಮಾಡಿದ್ದರು. ಕಣ್ಣಿದ್ದಾಗ, ಅಂಗಡಿಯಿಂದ ಬಿಡುವಾದ ಮೇಲೆ ನಿಧಾನವಾಗಿ ಓದೋಣವೆಂದು ಅದನ್ನು ಮುಂದಕ್ಕೆ ಹಾಕುತ್ತಲೇ ಬಂದಿದ್ದರು. ಮಾವನ ಹೆಂಡತಿ, ನಮ್ಮ ಅತ್ತೆಗೆ ಅಕ್ಷರ ಬರುವುದಿಲ್ಲ. ನಾನು ಓದಿ ಹೇಳುತ್ತೇನೆ ಎಂದರೆ, ನಿನ್ನ ಪುರುಸೊತ್ತು ನೋಡಿಕೊಂಡು ನನಗೆ ಓದುವ ಆಸೆ ಬರಬೇಕಾ ಎಂದು ಗದರಿದರು. ಅದೂ ಸರಿಯೇ.

ಕಡೆಗೆ ಅಚ್ಚಾದದ್ದನ್ನು ಗಟ್ಟಿಯಾಗಿ ಓದುವ ಫೋನು ತಂದೆವು. ಪುಸ್ತಕವನ್ನು ಆ್ಯಪ್‌ನಲ್ಲಿ ದುಡ್ಡು ಕೊಟ್ಟೇ ಕೊಂಡೆವು. ಮಾವ ಸ್ನಾನ ಮಾಡಿ, ವಿಭೂತಿ ಧರಿಸಿ, ಫೋನು ಕಿವಿಗಿಟ್ಟುಕೊಂಡು ಕೂತರು. ಅದು “ಒಂದನೇ ಪುಟ” ಎಂದಿತು. ಸರಿಸಿದರೆ “ಎರಡನೇ ಪುಟ” ಎಂದಿತು. ಅಷ್ಟೇ! ಪುಸ್ತಕಕ್ಕೆ ಬೀಗ ಹಾಕಿದ್ದರು. ಕಣ್ಣಿದ್ದವರು ನೋಡಬಹುದು, ಫೋನು ಓದುವಂತಿಲ್ಲ.

ಆ್ಯಪ್‌ನವರಿಗೆ ಫೋನು ಮಾಡಿ ಕೇಳಿದರೆ, ಬರೆದವರ ಹಕ್ಕು ಕಾಪಾಡಲು ಮೇಡಂ ಎಂದು ಗಿಣಿಪಾಠ. ಆ್ಯಪ್‌ನಲ್ಲಿ ಮಾವನೇ ದೂರು ಕೊಡಲು ಹೋದರೆ, ನೀವು ಮನುಷ್ಯರೆಂದು ತೋರಿಸಲು ಸಿಗ್ನಲ್ ದೀಪವಿರುವ ಚಿತ್ರಗಳನ್ನು ಒತ್ತಿ ಎಂದಿತು. ಕಣ್ಣಿಲ್ಲದವರಿಗೆ! ಆವತ್ತು ನನ್ನ ಬಾಯಲ್ಲಿ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಕಾನೂನು ನನಗೆ ಗೊತ್ತಿತ್ತು. ಕಣ್ಣಿಲ್ಲದವರು ಪುಸ್ತಕವನ್ನು ತಮಗೆ ಒಗ್ಗುವ ರೂಪಕ್ಕೆ ತಂದುಕೊಳ್ಳಬಹುದು, ಅದಕ್ಕಾಗಿ ಬೀಗ ತೆಗೆದರೆ ತಪ್ಪಲ್ಲ. ಆದರೆ ಬೀಗದ ಕೈ ಕೊಡಿ ಎಂದು ಹಾಕಿದವರಿಗೆ ಕಾನೂನು ಹೇಳುವುದಿಲ್ಲ. ಇದೆಂಥ ಹಕ್ಕೋ, ಊಟಕ್ಕೆ ಕರೆದು ಎಲೆ ಹಾಕದೆ ಕೂರಿಸಿದ ಹಾಗೆ. ಕಂಪ್ಯೂಟರ್ ಬಲ್ಲ ಗೆಳತಿಯಿಂದ ಬೀಗ ತೆಗೆಸುತ್ತೇನೆ ಎಂದರೆ ಮಾವ ಒಪ್ಪಬೇಕಲ್ಲ! ಕದ್ದ ಹಾಗಾಗುತ್ತದೆ ಎಂದರು. ಮನೆಮನೆ ಮುಂದೆ ಹಾಡಿದ ಹಾಡಿಗೆ ಎಂಥ ಬೀಗ ಎಂದು ರೇಗಿದೆ.

“ಹಾಡು ಊರ್ದು. ಕೂಡ್ಸಿ ಬರ್ದ ಕಷ್ಟ ಅವ್ರ್ದಲ್ವಾ?”

ತಿಂಗಳುಗಟ್ಟಲೆ ಈ ಹಗ್ಗಜಗ್ಗಾಟ. ಅವರೋ ದಿನದಿನಕ್ಕೆ ಇಳಿಯುತ್ತಿದ್ದರು. ಒಂದು ದಿನ ನನಗೆ ತಡೆಯಲಾಗಲಿಲ್ಲ. “ಗಡಿಗೆಗೆ ದುಡ್ಡು ಕೊಟ್ಟಾಗಿದೆ ಮಾವ. ಹೆಪ್ಪಿಗೆ ಇಲ್ಲ ಅಂತಿರೋರು ಅವ್ರು, ನೀವಲ್ಲ” ಎಂದು ಅತ್ತೇಬಿಟ್ಟೆ. ಮಾವ ತಡಕಾಡಿ ಫೋನನ್ನು ನನ್ನ ಕಡೆಗೆ ತಳ್ಳಿದರು.

“ತೆಗ್ಸು. ನಾನು ಓದ್ಮ್ಯಾಕೆ ಅಳಿಸ್ಬುಡು. ಹೆಪ್ಪು ಈಸ್ಕಂಡ ಬಟ್ಲ ತೊಳ್ದು ಇಕ್ಬೇಕು.”

ಫೋನು ಓದತೊಡಗಿತು. ಅದರ ಕನ್ನಡವನ್ನು ಕೇಳಿ ಮಾವ ನಗುತ್ತಿದ್ದರು, ತಪ್ಪನ್ನು ತಿದ್ದಿ ತಾವೇ ಹಾಡುತ್ತಿದ್ದರು. ಅತ್ತೆ ಸೊಪ್ಪು ಬಿಡಿಸುತ್ತ ಪಕ್ಕದಲ್ಲೇ ಕೂತು ಕೇಳುತ್ತಿದ್ದರು. ಒಮ್ಮೆ ಪೂರ್ತಿ ಮುಗಿಸಿ, ಮತ್ತೆ ಮೊದಲಿನಿಂದ ಹಿಡಿದಿದ್ದಾಗ ಮಾವ ಹೋದರು.

ಕಾರ್ಯ ಮುಗಿದ ಮೇಲೆ ಅತ್ತೆ ಫೋನನ್ನು ನನ್ನ ಕೈಗಿಟ್ಟರು. ಕೊಟ್ಟ ಮಾತಿನಂತೆ, ಬೀಗ ತೆಗೆದ ಪ್ರತಿಯನ್ನು ಅಳಿಸಿದೆ. ಬೀಗ ಹಾಕಿದ್ದು ಹಾಗೇ ಉಳಿಯಿತು. ಆಗ ಅತ್ತೆ ಮೆಲ್ಲಗೆ, “ಇನ್ನ ಅದು ಹಾಡ್ಗಳ ಹೇಳಲ್ವವ್ವ?” ಎಂದರು. ಕಾನೂನು ಬಾಗಿಲು ತೆರೆದದ್ದು ಮಾವನಂಥವರಿಗೆ. ಅತ್ತೆಗೆ ಕಣ್ಣಿದೆ, ಅಕ್ಷರವಿಲ್ಲ. ಅವರ ಹೆಸರು ಯಾವ ಸಾಲಿನಲ್ಲೂ ಇಲ್ಲ.

ಈಗ ಭಾನುವಾರ ಗುಂಡ್ಲುಪೇಟೆಗೆ ಹೋಗುತ್ತೇನೆ. ಅತ್ತೆ ಸೊಪ್ಪು ಹರಡಿಕೊಂಡು ಕಾದಿರುತ್ತಾರೆ. ಫೋನು ಪುಟದ ನಂಬರು ಹೇಳುತ್ತದೆ, ನಾನು ಹಾಡು ಓದುತ್ತೇನೆ. ನನ್ನ ಗಂಟಲಿಗೆ ಇನ್ನೂ ಯಾರೂ ಬೀಗ ಹಾಕಿಲ್ಲ.