ಕಡಿವಾಣಕ್ಕೆ ಕಟ್ಟಿದ ನೂಲು

ಹದಿನೆಂಟು ವರ್ಷ ಆ ಸವಾರಿ ಶಾಲೆಯಲ್ಲಿ ಲದ್ದಿ ಬಾಚಿದವಳು, ಕುದುರೆಗಳ ಮೈ ತಿಕ್ಕಿದವಳು ಲಾಯದಕ್ಕ. ಈಗ ಹೊಸ ಯಜಮಾನ ಬಂದು, ಸವಾರಿ ಬಾರದವರಿಗೆ ಸೋಮವಾರದಿಂದ ಕೆಲಸವಿಲ್ಲ ಎಂದುಬಿಟ್ಟ. ನಲವತ್ತೆರಡರ ಹೆಂಗಸು ಕುದುರೆ ಹತ್ತಬೇಕಂತೆ! ಹತ್ತದೆ ವಿಧಿಯಿರಲಿಲ್ಲ. ಬೇರೆ ಕೆಲಸ ಅವಳಿಗೆ ಗೊತ್ತಿರಲಿಲ್ಲ.

ಅಲ್ಲಿ ಸವಾರಿ ಕಲಿಸುವ ಮುದಿ ಮೇಷ್ಟ್ರ ಪರೀಕ್ಷೆಯ ರೀತಿಯೇ ಬೇರೆ. ಲಗಾಮನ್ನು ಕುದುರೆಯ ಬಾಯಲ್ಲಿರುವ ಕಡಿವಾಣದ ಉಂಗುರಕ್ಕೆ ಎರಡೂ ಕಡೆ ಬರೀ ಹೊಲಿಗೆ ನೂಲಿನಿಂದ ಕಟ್ಟುತ್ತಿದ್ದರು. ಕುಲುಕು ಓಟದಲ್ಲಿ ಮೂರು ಸುತ್ತು, ನೂಲು ಹರಿಯಬಾರದು. ಮೈ ಎಷ್ಟೇ ಎಗರಲಿ, ಕೈಗೆ ಅದರ ಗೊಡವೆ ಇರಬಾರದು. ಸಿಗುವುದು ಮೂರೇ ಅವಕಾಶ.

ಮೊದಲ ಸಲ ಅರ್ಧ ಸುತ್ತಿಗೇ ಪಟ್ ಎಂದಿತು. ಎರಡನೇ ಸಲ ಹಲ್ಲು ಕಚ್ಚಿ ಮುಷ್ಟಿ ಬಿಗಿದಳು, ಅದೂ ಹೋಯಿತು.

"ಅಲ್ಲಮ್ಮಾ, ಬಿಗಿ ಹಿಡಿದ್ರೆ ಕೈ ನಿಲ್ಲುತ್ತೆ ಅಂತ ಯಾರು ಹೇಳಿದ್ರು? ಕುದುರೆ ತಲೆ ಆಡಿಸಿದ ಹಾಗೆ ನಿನ್ನ ಮೊಣಕೈ ಹೋಗ್ಬೇಕು. ನೀನು ಬೀಳ್ತೀನಿ ಅನ್ನೋ ಹೆದರಿಕೇಲಿ ಅದರ ಬಾಯಿಗೆ ಜೋತುಬೀಳ್ತಿದೀಯ."

"ಇನ್ನೇನು ಹಿಡ್ಕೊಳ್ಲಿ ಮೇಷ್ಟ್ರೇ? ನಂಗಿರೋದು ಇದೊಂದೇ!"

ಹೇಳುತ್ತಲೇ ಬಗ್ಗಿ ಕುದುರೆಯ ಬಾಯಿ ನೋಡಿದಳು. ಕಲಿಯುವವರು ಎಳೆದೆಳೆದು ಹುಣ್ಣು ಮಾಡಿದ್ದ ಆ ಬಾಯನ್ನು ದಿನವೂ ಉಪ್ಪುನೀರಲ್ಲಿ ತೊಳೆದವಳು ಇವಳೇ. ಎಳೆದವರಿಗೆ ಹಿಡಿಶಾಪ ಹಾಕಿದವಳೂ ಇವಳೇ. ಈಗ ತಾನೂ ಅದನ್ನೇ ಮಾಡಿದ್ದಳು.

ಮೂರನೇ ಸಲ ಎರಡು ಸುತ್ತು ಹೇಗೋ ದಾಟಿತು. ಮೂರನೆಯದರ ನಡುವೆ, ಬೇಲಿಯ ಮೇಲಿದ್ದ ಬಕೆಟ್ಟು ಢಣಾರನೆ ಬಿತ್ತು. ಬೆಳಿಗ್ಗೆ ಅವಳೇ ಅಲ್ಲಿ ಮರೆತಿಟ್ಟ ಬಕೆಟ್ಟು, ಹಾಳಾದ್ದು! ಕುದುರೆ ಪಕ್ಕಕ್ಕೆ ನೆಗೆಯಿತು. ಅವಳು ಜೀನಿನಿಂದ ಜಾರಿದಳು. ಹಿಡಿ, ಹಿಡಿ ಎಂದು ಜೀವವೇ ಕೂಗಿತು. ಕಣ್ಣಿಗೆ ಬಿದ್ದದ್ದು ಆ ಹುಣ್ಣು. ಬೆರಳು ಸಡಿಲಬಿಟ್ಟಳು.

ಮರಳಲ್ಲಿ ಬೋರಲು ಬಿದ್ದು, ಎಲ್ಲ ಮುಗಿಯಿತೆಂದು ಗಟ್ಟಿಯಾಗಿ ಅತ್ತಳು. ಕುದುರೆ ನಾಲ್ಕು ಹೆಜ್ಜೆ ಆಚೆ ನಿಂತಿತ್ತು, ಲಗಾಮು ಕುತ್ತಿಗೆಯ ಮೇಲೇ ಇತ್ತು. ಮೇಷ್ಟ್ರು ಕುಂಟುತ್ತ ಬಂದವರು ಇವಳತ್ತ ತಿರುಗದೆ ಕನ್ನಡಕ ಏರಿಸಿ ಅದರ ಬಾಯಿಯ ಎರಡೂ ಕಡೆ ನೋಡಿದರು.

"ನೂಲು ಹಾಗೇ ಇದೆ."

"ಬಿದ್ದೆನಲ್ಲಾ ಮೇಷ್ಟ್ರೇ..."

"ಬೀಳಬಾರ್ದು ಅಂತ ನಾನೆಲ್ಲಿ ಹೇಳಿದ್ದೆ? ಏಳಮ್ಮ, ಅರ್ಧ ಸುತ್ತು ಬಾಕಿ ಇದೆ."

ಮರಳು ಕೊಡವಿಕೊಂಡು ಎದ್ದಳು. ತೋಳಿನಿಂದ ಮೊದಲು ಕುದುರೆಯ ಬಾಯಿ ಒರೆಸಿದಳು, ಆಮೇಲೆ ತನ್ನದು. ಜೀನಿಗೆ ಕೈ ಹಾಕಿದಳು.