ಮಾತ್ರೆಗಿಂತ ಮೊದಲು ತಲುಪುವ ನುಜಹತ

2025ರ ನವೆಂಬರ್ 18, ಬೆಳಗಿನ 6 ಗಂಟೆ 10 ನಿಮಿಷ. ಅಕ್ಕಿಆಲೂರಿನ ಸರೋಜವ್ವನವರ ಪಡಸಾಲೆಯಲ್ಲಿ ನರ್ಸ್ ನುಜಹತ ರಕ್ತದೊತ್ತಡ ಅಳೆಯುವ ಪುಟ್ಟ ಪಟ್ಟಿಯನ್ನು ಸೆರಗಿನೊಳಗೆ ಒತ್ತಿ ಬೆಚ್ಚಗೆ ಮಾಡಿ, ಒಂಬತ್ತು ವರ್ಷದ ಸವಿತಾಳ ತೋಳಿಗೆ ಸುತ್ತುತ್ತಾರೆ.

“ಹೆದರಬ್ಯಾಡವಾ, ಹಾವೇನಲ್ಲ ಇದು.”

“ಹಾವೂ ಇಷ್ಟ್ ಬಿಗಿ ಹಿಡಿಯಂಗಿಲ್ಲ ಬಿಡ್ರಿ ಅಕ್ಕಾರ.”

ಸವಿತಾಳ ಮೊಣಕಾಲು, ಮಣಿಕಟ್ಟುಗಳಲ್ಲಿ ನಾಲ್ಕು ವರ್ಷದಿಂದ ಬಾವು. ಕೀಲಿನ ಉರಿಯೂತ ದೀರ್ಘಕಾಲ ಉಳಿದರೆ ರಕ್ತನಾಳಗಳ ಒಳಗೋಡೆಗೂ ತಾಗಬಹುದು. ಹೊರಗೆ ಏನೂ ಕಾಣುವುದಿಲ್ಲ. ಮನೆಯಲ್ಲೇ ಸಿಗುವ ಸುಳಿವೆಂದರೆ ರಕ್ತದೊತ್ತಡ. ಈಕೆಗೆ ಮೇಲಿನ ಅಂಕಿ 114 ದಾಟಬಾರದು. ಹಿಂದಿನ ಎರಡು ಭೇಟಿಗಳಲ್ಲೂ ದಾಟಿದೆ. ಮತ್ತೆ ದಾಟಿದರೆ ಹುಬ್ಬಳ್ಳಿಯಲ್ಲಿ ದಾಖಲಿಸಿ ಹೃದಯ, ಮೂತ್ರಪಿಂಡ ಪರೀಕ್ಷಿಸಬೇಕೆಂದು ವೈದ್ಯರು ಹೇಳಿದ್ದಾರೆ.

ಸವಣೂರಿನಲ್ಲಿ ಹುಟ್ಟಿದ ನುಜಹತ ಈಗ ಹಾನಗಲ್ಲಿನವರು. ಶಿಗ್ಗಾಂವಿ, ಹಿರೇಕೆರೂರು ಸೇರಿ ನಾಲ್ಕು ತಾಲ್ಲೂಕುಗಳ ಇಂಥ ಹದಿನೇಳು ಮಕ್ಕಳ ಮನೆಗೆ ಸ್ಕೂಟರಿನಲ್ಲಿ ಹೋಗುತ್ತಾರೆ. ಕೀಲು ಬಿಗಿದಿರುವಾಗ, ಮಾತ್ರೆಗೆ ಮೊದಲೇ ನೋಡಬೇಕೆಂದು ನಸುಕಿನಲ್ಲೇ ಹೊರಡುತ್ತಾರೆ. ಬಂಕಾಪುರದಲ್ಲೊಮ್ಮೆ ಮನೆಯವರು “ಕೀಲುಬ್ಯಾನಿಗೆ ಬಿ.ಪಿ. ಯಾಕ್ರಿ?” ಎಂದು ಬಾಗಿಲಲ್ಲೇ ತಡೆದಿದ್ದರಂತೆ. “ಅಲ್ಲೇ ನಿಂತೆ. ಚಹಾ ಕುದಿಯೂತನ ನಿಂತೆ. ಆಮ್ಯಾಲೆ ಅವರೇ ಒಳಗ ಕರದ್ರು.”

ಇಂದಿನ ಅಂಕಿ 126. ನುಜಹತ ಸವಿತಾಳ ತಾಯಿ ಸರೋಜವ್ವನವರತ್ತ ತಿರುಗುತ್ತಾರೆ.

“ಹುಡುಗಿ ಬಾಗಿಲತನ ಓಡಿ ಬಂದ್ಲಲ್ಲ. ಏನ್ ಕೊಟ್ಟೀರಿ?”

“ಅಂಗಡ್ಯಾಗಿನ ನೋವಿನ ಗುಳಿಗಿ, ಎರಡು. ಮನಿಗೆ ಬಂದವರ ಮುಂದ ಕೂಸು ನರಳಬಾರದಲ್ರಿ...”

“ಹೋದ ಸಲಾನೂ?”

“ಹೂಂರಿ.”

“ನಾ ಏನ್ ಬೀಗತಿ ಏನ್ರಿ ಸರೋಜಕ್ಕ? ಆಕಿ ಕುಂಟೂದ ನೋಡಾಕ ಬರ್ತೇನಿ.”

ಕೆಲವು ನೋವಿನ ಮಾತ್ರೆಗಳೂ ರಕ್ತದೊತ್ತಡ ಏರಿಸುತ್ತವೆ. ಹಾಗಾದರೆ ಏರಿಕೆ ಮಾತ್ರೆಯದೋ, ಕಾಯಿಲೆಯದೋ? ಫೋನಿನಲ್ಲಿ ವೈದ್ಯರು, ತಾವು ಬರೆದುಕೊಟ್ಟ ಔಷಧಿ ಮುಂದುವರಿಸಿ, ಅಂಗಡಿಯದನ್ನು ನಿಲ್ಲಿಸಿ, ಮೂರು ದಿನದ ಬಳಿಕ ಅಳೆಯಲು ಹೇಳುತ್ತಾರೆ. ಆಗಲೂ 114 ದಾಟಿದರೆ ಹುಬ್ಬಳ್ಳಿಗೆ.

ನವೆಂಬರ್ 21ರ ಬೆಳಿಗ್ಗೆ ಸವಿತಾ ಓಡಿ ಬರುವುದಿಲ್ಲ. ಸರೋಜವ್ವ ಎತ್ತಿಕೊಂಡು ಬಂದು ಕೂರಿಸುತ್ತಾರೆ. ನೋವೂ ಅಂಕಿಯನ್ನು ಏರಿಸಬಹುದು. ಅದಕ್ಕೆ ನುಜಹತ ಬಿಸಿನೀರಿನ ಬಟ್ಟೆಯನ್ನು ಮೊಣಕಾಲಿಗಿಟ್ಟು ಕಾಯುತ್ತಾರೆ. ಅವರ ಜೊತೆ ಬಂದಿರುವ ನಾನು, ನಿಮ್ಮ ಆಸೆಯೇನು ಎಂದು ಅವರನ್ನು ಕೇಳುತ್ತೇನೆ.

“ಈ ಹುಡುಗ್ರು ಮುದುಕ್ರಾಗಬೇಕ್ರಿ. ನಾ ನೋಡದಿದ್ರೂ ನಡೀತೈತಿ.”

ಹುಡುಗಿಯ ಮುಖ ಸಡಿಲಾದ ಮೇಲೆ ಪಟ್ಟಿ ಸುತ್ತುತ್ತಾರೆ. ಗಾಳಿ ಮೆಲ್ಲಗೆ ಇಳಿಯುತ್ತದೆ. ಐದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆಯುತ್ತಾರೆ. ಸರೋಜವ್ವ ನುಜಹತರ ಮುಖವನ್ನೇ ನೋಡುತ್ತಿದ್ದಾರೆ.

ಎರಡೂ ಸಲ, ಮೇಲಿನ ಅಂಕಿ 118.